ಸಂಸ್ಥೆಯಿಲ್ಲದ ದೀಕ್ಷೆ: ಅಮೆರಿಕದ ಸ್ವತಂತ್ರ ಧರ್ಮಗುರುಗಳ ಅಧಿಕಾರ ಎಲ್ಲಿಂದ ಬರುತ್ತದೆ?

ಯಾವ ದೊಡ್ಡ ಚರ್ಚಿನ ಸಂಬಳಪಟ್ಟಿಯಲ್ಲೂ ಹೆಸರಿಲ್ಲದ, ಯಾವ ಬಿಷಪ್ಪರ ವರ್ಗಾವಣೆ ಆದೇಶಕ್ಕೂ ಒಳಪಡದ ಧರ್ಮಗುರುಗಳು ಅಮೆರಿಕದ ಊರೂರುಗಳಲ್ಲಿ ಸಿಗುತ್ತಾರೆ. ಅವರು ಮದುವೆ ಮಾಡಿಸುತ್ತಾರೆ, ಅಂತ್ಯಕ್ರಿಯೆ ನಡೆಸುತ್ತಾರೆ, ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲಿ ಕುಳಿತು ರೋಗಿಯೊಡನೆ ಪ್ರಾರ್ಥಿಸುತ್ತಾರೆ. ಅವರಲ್ಲಿ ಹೆಚ್ಚಿನವರಿಗೆ ಹೊಟ್ಟೆಪಾಡಿಗೆ ಬೇರೆ ಉದ್ಯೋಗವಿರುತ್ತದೆ. ತಮ್ಮ ನಂಬಿಕೆ ವೈಯಕ್ತಿಕವಾದುದು, ಅದರಲ್ಲಿ ಎಲ್ಲರಿಗೂ ಜಾಗವಿದೆ ಎಂದು ಅವರು ಹೇಳಿಕೊಳ್ಳುತ್ತಾರೆ. ಇಂಥವರನ್ನು ಧರ್ಮಗುರು ಎಂದು ಕರೆಯುವ ಹಕ್ಕು ಯಾರಿಗಿದೆ ಮತ್ತು ಆ ಹೆಸರಿನ ಹಿಂದಿರುವ ಅಧಿಕಾರ ಎಲ್ಲಿಂದ ಬಂತು ಎಂಬುದು ಮೇಲ್ನೋಟಕ್ಕೆ ಕಾಣುವಷ್ಟು ಸರಳವಾದ ಪ್ರಶ್ನೆಯಲ್ಲ. ಸರ್ಕಾರದ ಕಾನೂನು ಅದಕ್ಕೆ ಒಂದು ಉತ್ತರ ಕೊಡುತ್ತದೆ, ಚರ್ಚಿನ ಪರಂಪರೆ ಇನ್ನೊಂದನ್ನು ಕೊಡುತ್ತದೆ, ಕಷ್ಟದಲ್ಲಿರುವಾಗ ಅವರ ಬಳಿಗೆ ಬರುವ ಜನ ಮತ್ತೊಂದನ್ನು ಕೊಡುತ್ತಾರೆ. ಒಂದು ಕಡೆ ಸಿಕ್ಕ ಮನ್ನಣೆ ಮತ್ತೊಂದು ಕಡೆ ನಡೆಯುವುದಿಲ್ಲ. ಈ ದಾರಿಯಲ್ಲಿ ಎಡವಿದವರಲ್ಲಿ ಹೆಚ್ಚಿನವರು ಈ ವ್ಯತ್ಯಾಸವನ್ನು ಗಮನಿಸದೆ ಎಡವಿದವರೆಂಬುದು ನನ್ನ ತಿಳಿವಳಿಕೆ.

ಮೊದಲು ಕಾನೂನನ್ನು ನೋಡೋಣ. ಅಮೆರಿಕದ ಸಂವಿಧಾನದ ಮೊದಲನೆಯ ತಿದ್ದುಪಡಿಯ ಪ್ರಕಾರ ಸರ್ಕಾರ ಯಾವ ಧರ್ಮವನ್ನೂ ಸ್ಥಾಪಿಸುವಂತಿಲ್ಲ, ಯಾರ ಧರ್ಮಾಚರಣೆಗೂ ಅಡ್ಡಿಪಡಿಸುವಂತಿಲ್ಲ. ಹಾಗಾಗಿ ನಿಜವಾದ ಧರ್ಮಗುರು ಯಾರು, ಅಲ್ಲದವರು ಯಾರು ಎಂದು ತೀರ್ಮಾನಿಸುವ ಕೆಲಸಕ್ಕೆ ಸರ್ಕಾರ ಕೈಹಾಕಲು ಹಿಂಜರಿಯುತ್ತದೆ. ಈ ತೆರವಿನಲ್ಲಿ ಬೆಳೆದು ನಿಂತದ್ದು ಕ್ಯಾಲಿಫೋರ್ನಿಯಾದ ಮೊಡೆಸ್ಟೊ ಪಟ್ಟಣದ ಯೂನಿವರ್ಸಲ್ ಲೈಫ್ ಚರ್ಚ್. ನಾರ್ತ್ ಕ್ಯಾರೊಲಿನಾದ ಹಳ್ಳಿಗಾಡಿನಲ್ಲಿ ಹುಟ್ಟಿ, ಓದುಬರಹ ಬಾರದಿದ್ದರೂ ಬೋಧಕರಾದ ಕರ್ಬಿ ಹೆನ್ಸ್ಲಿ ಅದನ್ನು 1962ರಲ್ಲಿ ನೋಂದಾಯಿಸಿದರು. ಕೇಳಿದವರಿಗೆಲ್ಲ ದೀಕ್ಷೆ ಕೊಡುವುದು, ಯಾವ ನಿರ್ದಿಷ್ಟ ನಂಬಿಕೆಯನ್ನೂ ಹೇರದಿರುವುದು, ಸರಿಯಾದುದನ್ನು ಮಾಡಿದರೆ ಸಾಕೆನ್ನುವುದು ಅವರ ನಿಲುವಾಗಿತ್ತು. ಆ ಕಾಲದಲ್ಲಿ ದೀಕ್ಷೆಯ ಪತ್ರ ಅಂಚೆಯಲ್ಲಿ ಬರುತ್ತಿತ್ತು. ಈಗ ಹೆಸರು, ವಿಳಾಸ ತುಂಬಿದ ಕೆಲವೇ ನಿಮಿಷಗಳಲ್ಲಿ ಅಂತರ್ಜಾಲದಲ್ಲಿ ಸಿಗುತ್ತದೆ. ಅದೇ ಬಗೆಯ ಹೆಸರಿಟ್ಟುಕೊಂಡು ಸಿಯಾಟಲ್‌ನಿಂದ ನಡೆಯುವ ಸಂಸ್ಥೆಯೊಂದೂ ಇದ್ದು, ಅದು ಮೊಡೆಸ್ಟೊದ ಮೂಲ ಚರ್ಚಿಗಿಂತ ಬೇರೆಯಾದುದು. ದೀಕ್ಷೆ ಪಡೆಯುವವರು ತಾವು ಯಾರಿಂದ ಪಡೆಯುತ್ತಿದ್ದೇವೆಂಬುದನ್ನು ಗಮನಿಸಬೇಕು.

ಹೆನ್ಸ್ಲಿಯವರ ಉದ್ದೇಶವನ್ನು ನಾನು ಅನುಮಾನಿಸುವುದಿಲ್ಲ. ಆದರೆ ಅವರ ಪತ್ರ ಹಿಡಿದವರೆಲ್ಲ ಧರ್ಮಕ್ಕಾಗಿಯೇ ಹಿಡಿದವರಲ್ಲ. ವಿಯೆಟ್ನಾಂ ಯುದ್ಧದ ವರ್ಷಗಳಲ್ಲಿ ಸೇನಾ ಭರ್ತಿಯಿಂದ ಪಾರಾಗಬಹುದೆಂಬ ಆಸೆಯಿಂದ ಎಷ್ಟೋ ಯುವಕರು ಅದನ್ನು ತರಿಸಿಕೊಂಡರು. 1970ರ ದಶಕದಲ್ಲಿ ನ್ಯೂಯಾರ್ಕ್ ರಾಜ್ಯದ ಕ್ಯಾಟ್ಸ್ಕಿಲ್ ಬೆಟ್ಟಗಳ ಹಾರ್ಡನ್‌ಬರ್ಗ್ ಎಂಬ ಪುಟ್ಟ ಊರಿನಲ್ಲಿ ಆಸ್ತಿ ತೆರಿಗೆಯ ಏರಿಕೆಯಿಂದ ರೋಸಿಹೋದ ಭೂಮಾಲೀಕರಲ್ಲಿ ಹೆಚ್ಚಿನವರು ಒಟ್ಟಾಗಿ ದೀಕ್ಷೆ ಪಡೆದು, ತಮ್ಮ ತಮ್ಮ ಮನೆಗಳು ಧಾರ್ಮಿಕ ಆಸ್ತಿ ಎಂದು ವಾದಿಸಿದರು. ದೀಕ್ಷೆ ಪಡೆದ ಮಾತ್ರಕ್ಕೆ ತೆರಿಗೆ ವಿನಾಯಿತಿ ಸಿಗುತ್ತದೆಂಬ ತಪ್ಪು ಕಲ್ಪನೆ ಇಂದಿಗೂ ಉಳಿದಿದೆ. ವಾಸ್ತವದಲ್ಲಿ ಧರ್ಮಗುರುವಿನ ಸೇವೆಯಿಂದ ಬಂದ ಸಂಭಾವನೆಗೆ ಅಮೆರಿಕದಲ್ಲಿ ಆದಾಯ ತೆರಿಗೆ ಇದ್ದೇ ಇದೆ, ಮದುವೆ ಮಾಡಿಸಿ ಪಡೆದ ಕಾಣಿಕೆಯೂ ಅದರಲ್ಲಿ ಸೇರುತ್ತದೆ.

ನ್ಯಾಯಾಲಯಗಳು ಈ ವಿಷಯದಲ್ಲಿ ಒಂದೇ ದನಿಯಲ್ಲಿ ಮಾತನಾಡಿಲ್ಲ. 1974ರಲ್ಲಿ ಕ್ಯಾಲಿಫೋರ್ನಿಯಾದ ಫೆಡರಲ್ ನ್ಯಾಯಾಲಯ ಒಂದು ಧರ್ಮದ ತಿರುಳು ಸರಿಯೋ ತಪ್ಪೋ ಎಂದು ತೂಗುವುದು ತನ್ನ ಕೆಲಸವಲ್ಲವೆಂದು ಹೇಳಿ ಮೊಡೆಸ್ಟೊ ಚರ್ಚಿನ ಪರವಾಗಿ ತೀರ್ಪು ಕೊಟ್ಟಿತು. ಅದೇ ವರ್ಷ ವರ್ಜೀನಿಯಾದ ಸುಪ್ರೀಂ ಕೋರ್ಟ್, ಎಲ್ಲ ಸದಸ್ಯರೂ ಧರ್ಮಗುರುಗಳಾಗಿರುವ ಚರ್ಚಿನಲ್ಲಿ ಕಾನೂನಿನ ಅರ್ಥದಲ್ಲಿ ಧರ್ಮಗುರುವೇ ಇಲ್ಲದಂತಾಗುತ್ತದೆ ಎಂದು ತರ್ಕಿಸಿ, ಅಂಥವರಿಗೆ ಮದುವೆ ಮಾಡಿಸುವ ಅಧಿಕಾರವನ್ನು ನಿರಾಕರಿಸಿತು. 1980ರಲ್ಲಿ ನಾರ್ತ್ ಕ್ಯಾರೊಲಿನಾದಲ್ಲಿ ದ್ವಿಪತ್ನಿತ್ವದ ಆರೋಪ ಹೊತ್ತ ವ್ಯಕ್ತಿಯೊಬ್ಬನ ಮೊದಲ ಮದುವೆಯನ್ನು ಅಂಚೆಯಲ್ಲಿ ದೀಕ್ಷೆ ಪಡೆದವರೊಬ್ಬರು ಮಾಡಿಸಿದ್ದರು. ಅದು ಮದುವೆಯೇ ಅಲ್ಲವೆಂದು ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿದ್ದರಿಂದ ಆರೋಪವೇ ಬಿದ್ದುಹೋಯಿತು. ಇಂಥ ಮದುವೆಗಳಾಗಿದ್ದ ಇತರ ದಂಪತಿಗಳು ಎಂಥ ಆತಂಕಕ್ಕೆ ಒಳಗಾಗಿರಬೇಕೆಂಬುದನ್ನು ಊಹಿಸಬಹುದು. ಆ ರಾಜ್ಯದ ಶಾಸನಸಭೆ ಹಿಂದಿನ ಮದುವೆಗಳನ್ನು ಸಿಂಧುಗೊಳಿಸಲು ಬಳಿಕ ಪ್ರತ್ಯೇಕ ಕಾನೂನು ಮಾಡಬೇಕಾಯಿತು. 1988ರಲ್ಲಿ ಮಿಸಿಸಿಪ್ಪಿಯ ಸುಪ್ರೀಂ ಕೋರ್ಟ್ ಇದಕ್ಕೆ ವ್ಯತಿರಿಕ್ತವಾಗಿ ಇಂಥದೊಂದು ಮದುವೆಯನ್ನು ಎತ್ತಿಹಿಡಿಯಿತು. ಅಂತರ್ಜಾಲದ ದೀಕ್ಷೆಯನ್ನು ತಡೆಯುವ ಯೂಟಾದ ಕಾನೂನನ್ನು ಫೆಡರಲ್ ನ್ಯಾಯಾಲಯ 2002ರಲ್ಲಿ ತಳ್ಳಿಹಾಕಿತು. 2019ರಲ್ಲಿ ಟೆನೆಸ್ಸಿ ಅಂಥದೇ ನಿಷೇಧವನ್ನು ತಂದಾಗ ಮತ್ತೆ ಮೊಕದ್ದಮೆ ನಡೆಯಿತು.

ಆದ್ದರಿಂದ ಮದುವೆ ಯಾವ ರಾಜ್ಯದಲ್ಲಿ ನಡೆಯುತ್ತದೆಂಬುದು ಮುಖ್ಯವಾಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಧರ್ಮಗುರು ಮೊದಲೇ ಎಲ್ಲಿಯೂ ಹೆಸರು ನೋಂದಾಯಿಸಬೇಕಾಗಿಲ್ಲ. ದಂಪತಿಗಳು ಕೌಂಟಿ (ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗ) ಕಚೇರಿಯಿಂದ ತಂದ ಪರವಾನಗಿ 90 ದಿನ ಜಾರಿಯಲ್ಲಿರುತ್ತದೆ. ಸಮಾರಂಭ ಮುಗಿದ ಮೇಲೆ ಮದುವೆ ಮಾಡಿಸಿದವರು ಅದರಲ್ಲಿ ತಾರೀಕು, ಸ್ಥಳ, ತಮ್ಮ ಹೆಸರು, ಪದವಿ, ವಿಳಾಸಗಳನ್ನು ಬರೆದು ಸಹಿ ಹಾಕಿ 10 ದಿನದೊಳಗೆ ಕಚೇರಿಗೆ ತಲುಪಿಸಬೇಕು. ಆ ಹಾಳೆಯಲ್ಲಿ ಹೊಡೆದುಹಾಕಿದ, ತಿದ್ದಿದ ಗುರುತು ಕಂಡರೂ ಕಚೇರಿ ಅದನ್ನು ಹಿಂದಿರುಗಿಸುವುದುಂಟು. ನ್ಯೂಯಾರ್ಕ್ ನಗರದಲ್ಲಾದರೆ ಮೊದಲು ಸಿಟಿ ಕ್ಲರ್ಕ್ ಕಚೇರಿಯಲ್ಲಿ ನೋಂದಣಿ ಆಗಬೇಕು. ಪೆನ್ಸಿಲ್ವೇನಿಯಾದಲ್ಲಿ ಕ್ವೇಕರ್ ಪಂಥದವರ ಪದ್ಧತಿಯಿಂದ ಬಂದ ಪರವಾನಗಿಯೊಂದಿದ್ದು, ಅದನ್ನು ಪಡೆದವರಿಗೆ ಮದುವೆ ಮಾಡಿಸುವವರ ಅಗತ್ಯವೇ ಇಲ್ಲ. ವಧೂವರರು ಸಾಕ್ಷಿಗಳ ಮುಂದೆ ತಾವೇ ಮದುವೆಯಾಗಬಹುದು. ಅಮೆರಿಕದಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೂ ಈ ವಿವರಗಳು ಬೇಕಾಗುತ್ತವೆ. ಪುರೋಹಿತರು ಸಪ್ತಪದಿ, ಮಾಂಗಲ್ಯಧಾರಣೆ ಎಲ್ಲವನ್ನೂ ಕ್ರಮವಾಗಿ ಮಾಡಿಸಿದರೂ, ಅವರು ಆ ರಾಜ್ಯದಲ್ಲಿ ಸಹಿ ಹಾಕಲು ಅರ್ಹರಲ್ಲದಿದ್ದರೆ ಅಥವಾ ಪತ್ರ ಸಕಾಲಕ್ಕೆ ಕಚೇರಿಗೆ ಹೋಗದಿದ್ದರೆ, ಮುಂದೆ ವೀಸಾ, ವಿಮೆ, ಆಸ್ತಿಯ ವ್ಯವಹಾರಗಳಲ್ಲಿ ತೊಡಕು ಎದುರಾಗುತ್ತದೆ.

ಕಾನೂನಿನ ಮಾತು ಇಷ್ಟು. ಆದರೆ ಸಹಿಯ ಅಧಿಕಾರ ಸಿಕ್ಕ ಮಾತ್ರಕ್ಕೆ ತಾವು ಗುರುವಾದೆವೆಂದು ನಂಬಲು ಎಷ್ಟೋ ಜನರಿಗೆ ಮನಸ್ಸು ಒಪ್ಪುವುದಿಲ್ಲ. ಪರಂಪರೆಯೊಂದರ ಕೈ ತಮ್ಮ ತಲೆಯ ಮೇಲೆ ಬೀಳಬೇಕೆಂದು ಅವರು ಬಯಸುತ್ತಾರೆ. ಇಂಥವರಿಗಾಗಿ ಸ್ವತಂತ್ರ ಕಥೋಲಿಕ ಎಂದು ಕರೆಯಲಾಗುವ ಪುಟ್ಟ ಪುಟ್ಟ ಚರ್ಚುಗಳಿವೆ. ರೋಮಿನ ಪೋಪರ ಆಡಳಿತ ಇವಕ್ಕಿಲ್ಲ. ಆದರೆ ಬಲಿಪೂಜೆ, ಸಂಸ್ಕಾರಗಳು, ಬಿಷಪ್ ಪದವಿ ಎಲ್ಲವೂ ಇವೆ. ಯೇಸುವಿನ ಪ್ರೇಷಿತರಿಂದ ಇಂದಿನವರೆಗೆ ಬಿಷಪ್ಪರಿಂದ ಬಿಷಪ್ಪರಿಗೆ ಹಸ್ತನಿಕ್ಷೇಪದ, ಅಂದರೆ ತಲೆಯ ಮೇಲೆ ಕೈಯಿಡುವ ವಿಧಿಯ ಮೂಲಕ ಹರಿದು ಬಂದ ಅಧಿಕಾರ ತಮಗೂ ಬಂದಿದೆ ಎಂಬುದು ಇವುಗಳ ಹಕ್ಕುಸ್ಥಾಪನೆ.

ಆ ಸರಪಣಿಯ ಒಂದು ಮುಖ್ಯ ಕೊಂಡಿ ನಮ್ಮ ಉಡುಪಿ ಜಿಲ್ಲೆಯ ಬ್ರಹ್ಮಾವರಕ್ಕೆ ತಗಲಿಕೊಂಡಿರುವುದು ಕನ್ನಡಿಗರಲ್ಲಿ ಹೆಚ್ಚಿನವರಿಗೆ ತಿಳಿದಿಲ್ಲ. 1836ರಲ್ಲಿ ಗೋವೆಯ ವೆರ್ನಾದಲ್ಲಿ ಹುಟ್ಟಿದ ಅಂತೋನಿಯೊ ಫ್ರಾನ್ಸಿಸ್ಕೊ ಶಾವಿಯೆರ್ ಆಲ್ವಾರೆಸ್ ಕಥೋಲಿಕ ಗುರುಗಳಾಗಿದ್ದರು. ಪೋರ್ಚುಗಲ್ಲಿನ ದೊರೆತನಕ್ಕಿದ್ದ ಧಾರ್ಮಿಕ ಆಡಳಿತದ ಹಕ್ಕುಗಳ ಬಗ್ಗೆ 1886ರಲ್ಲಿ ಪೋಪರಿಗೂ ಪೋರ್ಚುಗಲ್ಲಿಗೂ ಒಪ್ಪಂದವಾಗಿ, ಕೆನರಾ ಕರಾವಳಿಯ ಚರ್ಚುಗಳು ಯಾರ ಕೈಕೆಳಗೆ ಇರಬೇಕೆಂಬ ವಿವಾದ ತೀವ್ರಗೊಂಡಿತು. ಗೋವೆಯೊಂದಿಗಿನ ತಮ್ಮ ಹಳೆಯ ನಂಟು ಕಡಿದುಹೋಗುವುದನ್ನು ಒಪ್ಪದ ಕಲ್ಯಾಣಪುರ, ಬ್ರಹ್ಮಾವರದ ಕಡೆಯ ಕೊಂಕಣಿ ಮಾತಿನ ಅನೇಕ ಕುಟುಂಬಗಳು ಆಲ್ವಾರೆಸರೊಂದಿಗೂ ಅವರ ಸಹವರ್ತಿ ಫಾದರ್ ನೊರೊನ್ಹಾ ಅವರೊಂದಿಗೂ ನಿಂತವು. ಆಲ್ವಾರೆಸರು ರೋಮಿನಿಂದ ಹೊರಬಂದು ಕೇರಳದ ಮಲಂಕರ ಸಿರಿಯನ್ ಸಭೆಯ ಕದ ತಟ್ಟಿದರು. 1889ರಲ್ಲಿ ಕೊಟ್ಟಾಯಂನಲ್ಲಿ ಅವರಿಗೆ ಬಿಷಪ್ ಪಟ್ಟವಾಯಿತು, ಮಾರ್ ಜೂಲಿಯಸ್ ಎಂಬ ಹೆಸರಾಯಿತು. ಗೋವೆಯಲ್ಲಿ ಅವರು ಸೆರೆಯನ್ನೂ ಅವಮಾನವನ್ನೂ ಕಂಡರು. ಆದರೂ ಬಡವರ ಸೇವೆಯನ್ನು ಬಿಡದೆ, 1923ರಲ್ಲಿ ತೀರಿಕೊಳ್ಳುವವರೆಗೂ ಬಡವರಂತೆಯೇ ಬಾಳಿದರು. ಅವರೊಂದಿಗೆ ನಿಂತವರ ಸಮುದಾಯ ಬ್ರಹ್ಮಾವರದಲ್ಲಿ ಇಂದಿಗೂ ಇದೆ.

ಇತ್ತ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಬೆಲ್ಜಿಯಂನಿಂದ ವಲಸೆ ಬಂದ ರೈತರ ನಡುವೆ ಜೋಸೆಫ್ ರೆನೆ ವಿಲಾಟ್ ಎಂಬ ಫ್ರೆಂಚ್ ಮೂಲದ ಗುರುಗಳು ಕೆಲಸ ಮಾಡುತ್ತಿದ್ದರು. ಪೋಪರ ಮಾತಿಗೆ ತಪ್ಪೇ ಇಲ್ಲವೆಂಬ 1870ರ ಘೋಷಣೆಯನ್ನು ವಿರೋಧಿಸಿ ಬೇರೆಯಾದ ಹಳೆ ಕಥೋಲಿಕರಿಂದ ಅವರಿಗೆ 1885ರಲ್ಲಿ ಗುರುದೀಕ್ಷೆ ಸಿಕ್ಕಿತ್ತು, ಬಿಷಪ್ ಪಟ್ಟ ಮಾತ್ರ ಎಲ್ಲಿಯೂ ಸಿಗಲಿಲ್ಲ. ಕೊನೆಗೆ ಅವರು ಸಮುದ್ರ ದಾಟಿ ಬಂದರು. 1892ರ ಮೇ 29ರಂದು ಕೊಲಂಬೊದ ಚರ್ಚೊಂದರಲ್ಲಿ ಮಾರ್ ಜೂಲಿಯಸ್ ಆಲ್ವಾರೆಸರು ಮಲಂಕರದ ಇಬ್ಬರು ಬಿಷಪ್ಪರ ಜೊತೆಗೂಡಿ ಅವರಿಗೆ ಪಟ್ಟ ಕಟ್ಟಿದರು. ಇಬ್ಬರಲ್ಲಿ ಒಬ್ಬರು ಈಗ ಸಂತರೆಂದು ಗೌರವಿಸಲ್ಪಡುವ ಪರುಮಲದ ಮಾರ್ ಗ್ರೆಗೋರಿಯಸ್. ಅಂದು ಕೊಲಂಬೊದಿಂದ ಹೋದ ವಿಲಾಟ್ ಮುಂದಿನ ಮೂರು ದಶಕಗಳಲ್ಲಿ ಹಲವರಿಗೆ ಬಿಷಪ್ ಪಟ್ಟ ಕೊಟ್ಟರು, ಅವರು ಮತ್ತೆ ಹಲವರಿಗೆ ಕೊಟ್ಟರು. ಬಿಳಿಯರ ಚರ್ಚುಗಳಲ್ಲಿ ತಮ್ಮವರಿಗೆ ಸಿಗದ ಗೌರವವನ್ನು ಅರಸುತ್ತಿದ್ದ ಆಂಟಿಗುವಾ ಮೂಲದ ಜಾರ್ಜ್ ಅಲೆಕ್ಸಾಂಡರ್ ಮೆಕ್‌ಗ್ವೈರ್ 1921ರಲ್ಲಿ ವಿಲಾಟ್ ಅವರಿಂದಲೇ ಪಟ್ಟ ಪಡೆದು ಆಫ್ರಿಕನ್ ಆರ್ಥೊಡಾಕ್ಸ್ ಚರ್ಚನ್ನು ಮುನ್ನಡೆಸಿದರು. ಬಿಳಿಯರ ಚರ್ಚುಗಳಲ್ಲಿ ಕಪ್ಪು ಜನರು ಬಿಷಪ್ಪರಾಗಲು ಬಿಳಿಯರ ಕೃಪೆಗೆ ಕಾಯಬೇಕಾಗಿದ್ದ ದೇಶದಲ್ಲಿ ಗೋವೆಯ ಒಬ್ಬ ಗುರುವಿನ ಕೈಯಿಂದ ಹೊರಟ ಪರಂಪರೆ ಇಂಥ ಕೆಲಸಕ್ಕೆ ಒದಗಿತೆಂಬುದನ್ನು ನೆನೆದಾಗ ನನಗೆ ಹೆಮ್ಮೆಯೆನಿಸುತ್ತದೆ.

ಹಾಗಿದ್ದರೂ, ವಿಲಾಟ್ ಅವರಿಗೆ ಪಟ್ಟ ಕಟ್ಟಿದ ಕಾಲಕ್ಕೆ ಮಲಂಕರ ಸಭೆಗೆ ಮೇಲಧಿಕಾರಿಗಳಾಗಿದ್ದ ಸಿರಿಯನ್ ಆರ್ಥೊಡಾಕ್ಸ್ ಪಿತೃಪ್ರಧಾನರ ಪೀಠ 1938ರಲ್ಲಿ ಪ್ರಕಟಣೆ ಹೊರಡಿಸಿ, ವಿಲಾಟ್ ಅವರ ಮೂಲಕ ತಮ್ಮ ಪರಂಪರೆಯನ್ನು ಹೇಳಿಕೊಳ್ಳುವವರೊಡನೆ ತನ್ನ ಸಭೆಗೆ ಸಂಬಂಧವಿಲ್ಲವೆಂದಿತು. ಇಲ್ಲಿ ದೇವಶಾಸ್ತ್ರದ ಎರಡು ದೃಷ್ಟಿಗಳು ಎದುರುಬದುರಾಗುತ್ತವೆ. ಸಂಸ್ಕಾರದ ಫಲ ಅದನ್ನು ನಡೆಸುವವನ ಯೋಗ್ಯತೆಯನ್ನಾಗಲಿ ಸ್ಥಾನವನ್ನಾಗಲಿ ಅವಲಂಬಿಸಿಲ್ಲವೆಂದು ಉತ್ತರ ಆಫ್ರಿಕದ ಸಂತ ಅಗಸ್ತೀನರು, ಅಯೋಗ್ಯ ಗುರುವಿನ ಸಂಸ್ಕಾರ ಸಲ್ಲದೆನ್ನುತ್ತಿದ್ದ ಡೊನಾಟಿಸ್ಟರೊಂದಿಗಿನ ವಾದದಲ್ಲಿ ಪ್ರತಿಪಾದಿಸಿದರು. ಅದನ್ನು ಅನುಸರಿಸುವ ಪಾಶ್ಚಾತ್ಯ ಚರ್ಚಿನಲ್ಲಿ, ನಿಜವಾದ ಬಿಷಪ್ಪರೊಬ್ಬರು ಸರಿಯಾದ ವಿಧಿಯಿಂದ, ಸರಿಯಾದ ಸಂಕಲ್ಪದಿಂದ ಕೊಟ್ಟ ದೀಕ್ಷೆ ಅನುಮತಿಯಿಲ್ಲದಿದ್ದರೂ ದೀಕ್ಷೆಯೇ ಆಗುತ್ತದೆ. ಅದು ನಿಯಮಬಾಹಿರ, ಆದರೆ ಶೂನ್ಯವಲ್ಲ. ಪೂರ್ವದ ಆರ್ಥೊಡಾಕ್ಸ್ ಸಭೆಗಳ ದೃಷ್ಟಿಯಲ್ಲಿ ದೀಕ್ಷೆ ಸಭೆಯ ಒಳಗಿನ ಕಾರ್ಯ, ಸಭೆಯಿಂದ ಹೊರಗೆ ನಿಂತವರು ಸರಪಣಿಯನ್ನು ಎಷ್ಟು ಚೆನ್ನಾಗಿ ತೋರಿಸಿದರೂ ಅದಕ್ಕೆ ಅರ್ಥವಿಲ್ಲ. ಸ್ವತಂತ್ರ ಚರ್ಚುಗಳು ಪೂರ್ವದ ಸಭೆಯೊಂದರಿಂದ ಪಟ್ಟ ಪಡೆದು, ಪಶ್ಚಿಮದ ತರ್ಕದಿಂದ ಅದನ್ನು ಸಮರ್ಥಿಸಿಕೊಳ್ಳುತ್ತವೆ. ಈ ಗಂಟು ಬಿಡಿಸಲಾಗದ್ದೆಂದು ನನಗೆ ತೋರುತ್ತದೆ. ಕೆಲವು ಸ್ವತಂತ್ರ ಬಿಷಪ್ಪರು ತಮ್ಮ ಪರಂಪರೆಗೆ ಇನ್ನಷ್ಟು ಬಲ ಬರಲೆಂದು ಬೇರೆ ಬೇರೆ ಶಾಖೆಗಳವರಿಂದ ಮತ್ತೆ ಮತ್ತೆ ಪಟ್ಟ ಕಟ್ಟಿಸಿಕೊಂಡಿರುವುದೂ ಇದೆ. ಅದರಿಂದ ವಂಶಾವಳಿ ಉದ್ದವಾಗುತ್ತದೆಯೇ ಹೊರತು ನಂಬುವ ಜನ ಹೆಚ್ಚುವುದಿಲ್ಲ.

ವಿಧಿಯನ್ನು ಮಾತ್ರ ಈ ಚರ್ಚುಗಳು ಬಹಳ ಶ್ರದ್ಧೆಯಿಂದ ನಡೆಸುತ್ತವೆ. ದೀಕ್ಷಾರ್ಥಿ ಬಿಳಿಯ ನಿಲುವಂಗಿ ತೊಟ್ಟು ಪೀಠದ ಮುಂದೆ ಬೋರಲಾಗಿ ಮಲಗುತ್ತಾನೆ ಅಥವಾ ಮಲಗುತ್ತಾಳೆ, ನೆರೆದವರು ಸಂತರ ಪ್ರಾರ್ಥನಾವಳಿಯನ್ನು ಹಾಡುತ್ತಾರೆ. ಎದ್ದು ಮೊಣಕಾಲೂರಿದ ಮೇಲೆ ಬಿಷಪ್ಪರು ಏನನ್ನೂ ನುಡಿಯದೆ ಎರಡೂ ಕೈಗಳನ್ನು ತಲೆಯ ಮೇಲಿಡುತ್ತಾರೆ. ಬಳಿಕ ಅಂಗೈಗಳಿಗೆ ಅಭಿಷೇಕದ ಎಣ್ಣೆ ಹಚ್ಚಿ, ರೊಟ್ಟಿಯ ತಟ್ಟೆಯನ್ನೂ ದ್ರಾಕ್ಷಾರಸದ ಪಾತ್ರೆಯನ್ನೂ ಆ ಕೈಗಳಿಗೆ ಒಪ್ಪಿಸುತ್ತಾರೆ. ಇದು ನಡೆಯುವ ಜಾಗ ಬಾಡಿಗೆಯ ಸಭಾಂಗಣವಾಗಿರಬಹುದು, ಯಾರದೋ ಮನೆಯ ಪಡಸಾಲೆಯಾಗಿರಬಹುದು, ನೆರೆದವರು ಹತ್ತು ಹದಿನೈದು ಜನ ಇರಬಹುದು.

ರೋಮ್ ಹೊರಗಿಟ್ಟವರಲ್ಲಿ ಅನೇಕರಿಗೆ ಬಾಗಿಲು ತೆರೆದದ್ದು ಈ ಚರ್ಚುಗಳೇ. 1946ರಲ್ಲಿ ಅಟ್ಲಾಂಟಾದಲ್ಲಿ ಜಾರ್ಜ್ ಹೈಡ್ ಎಂಬವರು ಸಲಿಂಗಪ್ರೇಮಿಗಳಿಗೂ ಪರಮಪ್ರಸಾದ ಕೊಡುವ ಸಭೆಯನ್ನು ಕಟ್ಟಿದರು. ಸಲಿಂಗಪ್ರೇಮ ಅಲ್ಲಿ ಜೈಲು ಶಿಕ್ಷೆಗೆ ಕಾರಣವಾಗುವ ಅಪರಾಧವಾಗಿದ್ದ ಕಾಲವದು. 2002ರ ಜೂನ್ 29ರಂದು ಡ್ಯಾನ್ಯೂಬ್ ನದಿಯ ದೋಣಿಯೊಂದರಲ್ಲಿ ಏಳು ಮಂದಿ ಮಹಿಳೆಯರಿಗೆ ಗುರುದೀಕ್ಷೆ ಕೊಟ್ಟವರಲ್ಲಿ ಅರ್ಜೆಂಟೀನಾದ ಸ್ವತಂತ್ರ ಬಿಷಪ್ಪರೊಬ್ಬರಿದ್ದರು. ವ್ಯಾಟಿಕನ್ ಅದನ್ನು ಒಪ್ಪದೆ ಕೆಲವೇ ವಾರಗಳಲ್ಲಿ ಆ ಮಹಿಳೆಯರಿಗೆ ಬಹಿಷ್ಕಾರ ಹಾಕಿತು. ಎಲ್ಲರನ್ನೂ ಒಳಗೊಳ್ಳುವ ನಂಬಿಕೆಯೆಂಬ ಮಾತಿಗೆ ಇಂಥ ಕಡೆ ನಿಜವಾದ ತೂಕ ಬರುತ್ತದೆ, ಏಕೆಂದರೆ ಅದನ್ನು ಆಡಿದವರು ಅದಕ್ಕಾಗಿ ಬೆಲೆ ತೆತ್ತಿದ್ದಾರೆ.

ಕ್ರೈಸ್ತ ಚೌಕಟ್ಟಿನೊಳಗೇ ಉಳಿಯಬಯಸದವರಿಗೆ ಸರ್ವಧರ್ಮ ಸೆಮಿನರಿಗಳಿವೆ, ಅಂದರೆ ಧರ್ಮಗುರುಗಳಾಗುವವರಿಗೆ ತರಬೇತಿ ಕೊಡುವ ಶಾಲೆಗಳು. ಹಂಗೇರಿ ಮೂಲದ ಯೆಹೂದಿ ಗುರು ಜೋಸೆಫ್ ಗೆಲ್ಬರ್‌ಮನ್ ಮತ್ತು ಅವರ ಜೊತೆಗಾರರು 1979ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭಿಸಿದ ನ್ಯೂ ಸೆಮಿನರಿ ಇವುಗಳಲ್ಲಿ ಮೊದಲಿನದು. ಇಂಥ ಕಡೆ ಹಲವು ಧರ್ಮಗಳ ಪರಿಚಯ, ಸಂಸ್ಕಾರ ವಿಧಿಗಳನ್ನು ರಚಿಸುವ ಅಭ್ಯಾಸ, ದುಃಖದಲ್ಲಿರುವವರ ಮಾತು ಕೇಳುವ ತರಬೇತಿ ಇರುತ್ತದೆ. ಆದರೂ ಎಲ್ಲ ಧರ್ಮಗಳಿಂದ ಒಂದೊಂದು ಸಾಲು ಹೆಕ್ಕಿ ಪೋಣಿಸುವುದನ್ನೇ ಒಳಗೊಳ್ಳುವಿಕೆ ಎಂದು ತಿಳಿಯುವ ಅಪಾಯ ಇಲ್ಲಿ ಹೆಚ್ಚು. ಕನ್ನಡದ ಹುಡುಗಿಯೂ ಅಮೆರಿಕದ ಹುಡುಗನೂ ಮದುವೆಯಾಗುವಾಗ ಸಪ್ತಪದಿಯ ಏಳು ಹೆಜ್ಜೆಗಳನ್ನು ಇಂಗ್ಲಿಷಿನ ಏಳು ಇಂಪಾದ ವಾಕ್ಯಗಳಾಗಿಸಿ ಎರಡು ನಿಮಿಷದಲ್ಲಿ ಮುಗಿಸುವುದು ಸುಲಭ. ಆ ಹೆಜ್ಜೆಗಳಿಗೆ ಹುಡುಗಿಯ ಅಜ್ಜಿ ಕೊಡುವ ಬೆಲೆಯೇನು, ಅಗ್ನಿಸಾಕ್ಷಿಯಿಲ್ಲದೆ ಅವರ ಪಾಲಿಗೆ ಅದು ಮದುವೆಯಾಗುತ್ತದೆಯೇ ಎಂದು ಮೊದಲೇ ಅವರೆದುರು ಕುಳಿತು ಕೇಳುವ, ಬೇಕಿದ್ದರೆ ಮಂತ್ರಭಾಗವನ್ನು ಬಲ್ಲ ಪುರೋಹಿತರಿಗೆ ಬಿಟ್ಟುಕೊಟ್ಟು ತಾನು ಪಕ್ಕಕ್ಕೆ ಸರಿಯುವ ಧರ್ಮಗುರು ನಿಜವಾಗಿ ಒಳಗೊಂಡವರು. ತನ್ನ ನಂಬಿಕೆ ಯಾವುದೆಂದು ಖಚಿತವಾಗಿ ತಿಳಿದವರಿಗೆ ಮಾತ್ರ ಹೀಗೆ ಸರಿದು ನಿಲ್ಲಲು ಸಾಧ್ಯವಾಗುತ್ತದೆ. ನಮ್ಮಲ್ಲಿ ಕುವೆಂಪು ಅವರ ಮಂತ್ರಮಾಂಗಲ್ಯ ಪುರೋಹಿತರ ಸ್ಥಾನವನ್ನೇ ತೆಗೆದುಹಾಕಿತು; ಸ್ವತಂತ್ರ ದೀಕ್ಷೆಯ ದಾರಿ ಗುರುವಿನ ಸ್ಥಾನವನ್ನು ಉಳಿಸಿಕೊಂಡು ಅದರ ಮೇಲಿನ ಸಂಸ್ಥೆಯನ್ನು ಮಾತ್ರ ತೆಗೆಯುತ್ತದೆ. ಹಾಗಾಗಿ ಗುರುವಿನ ನಡತೆಯ ಹೊಣೆ ಇಲ್ಲಿ ಇನ್ನೂ ಹೆಚ್ಚಾಗುತ್ತದೆ.

ಆಸ್ಪತ್ರೆಗಳಲ್ಲಿ ಈ ಹೊಣೆಗೆ ಅಳತೆಗೋಲಿದೆ. ಮನೋವ್ಯಾಧಿಯಿಂದ ತಾವೇ ಆಸ್ಪತ್ರೆ ಸೇರಿ ಗುಣಮುಖರಾಗಿದ್ದ ಆಂಟನ್ ಬಾಯ್ಸನ್ ಎಂಬ ಪಾದ್ರಿ, 1925ರ ಬೇಸಿಗೆಯಲ್ಲಿ ಮ್ಯಾಸಚುಸೆಟ್ಸ್‌ನ ವುಸ್ಟರ್ ಸರ್ಕಾರಿ ಮಾನಸಿಕ ಆಸ್ಪತ್ರೆಗೆ ದೇವಶಾಸ್ತ್ರದ ವಿದ್ಯಾರ್ಥಿಗಳನ್ನು ಕರೆತಂದು, ಗ್ರಂಥಗಳನ್ನು ಓದುವಷ್ಟೇ ಗಮನದಿಂದ ರೋಗಿಗಳ ಬದುಕನ್ನು ಓದಿರೆಂದು ಕಲಿಸಿದರು. ಅದರಿಂದ ಬೆಳೆದ ತರಬೇತಿಯ ಒಂದು ಘಟಕ ಈಗ ಸುಮಾರು 400 ತಾಸುಗಳದು. ಆಸ್ಪತ್ರೆಯ ಧರ್ಮಗುರುವೆಂಬ ವೃತ್ತಿಪರ ಪ್ರಮಾಣಪತ್ರ ಬೇಕಾದವರು ಇಂಥ ನಾಲ್ಕು ಘಟಕಗಳನ್ನು ಮುಗಿಸಬೇಕು, ಸ್ನಾತಕೋತ್ತರ ಮಟ್ಟದ ವ್ಯಾಸಂಗ ಮಾಡಿರಬೇಕು, ಜೊತೆಗೆ ಧಾರ್ಮಿಕ ಸಂಸ್ಥೆಯೊಂದರ ಶಿಫಾರಸು ಪತ್ರವನ್ನೂ ತರಬೇಕು. ವಿದ್ಯಾರ್ಥಿ ರೋಗಿಯೊಡನೆ ನಡೆದ ಮಾತುಕತೆಯನ್ನು ನೆನಪಿನಿಂದ ಪದಪದವಾಗಿ ಬರೆದು ತಂದು ಸಹಪಾಠಿಗಳ ಮುಂದೆ ಓದಬೇಕಾಗುತ್ತದೆ. ರೋಗಿ ಭಯವೆಂದಾಗ ತಾನು ಅವಸರದಿಂದ ಪ್ರಾರ್ಥನೆಗೆ ಇಳಿದದ್ದು, ಅದು ರೋಗಿಗೆ ಬೇಕಾಗಿತ್ತೋ ತನಗೇ ಬೇಕಾಗಿತ್ತೋ ಎಂಬುದು ಅಲ್ಲಿ ಬಯಲಾಗುತ್ತದೆ. ಅಂತರ್ಜಾಲದಲ್ಲಿ ದೀಕ್ಷೆ ಪಡೆದು ಮದುವೆ ಮಾಡಿಸಬಲ್ಲವರು ಈ ಕೆಲಸಕ್ಕೆ ಅರ್ಹರಾಗುವುದಿಲ್ಲ, ಆಗಬಾರದು ಕೂಡ.

ಚರ್ಚಿನೊಳಗಿನ ಗುರು ತಪ್ಪು ಮಾಡಿದರೆ ದೂರು ಕೊಡಲು ಬಿಷಪ್ಪರ ಕಚೇರಿಯಾದರೂ ಇರುತ್ತದೆ, ಅದು ಸರಿಯಾಗಿ ಕೆಲಸ ಮಾಡದಿದ್ದ ನಿದರ್ಶನಗಳು ಬೇಕಾದಷ್ಟಿದ್ದರೂ. ಸ್ವತಂತ್ರ ಗುರುವಿನ ಮೇಲೆ ದೂರು ಕೇಳುವವರೇ ಇಲ್ಲ. ಮನಸ್ಸು ಮುರಿದು ಬಂದವರು ತಮ್ಮ ಅತಿ ಗುಟ್ಟಿನ ಮಾತುಗಳನ್ನು ಹೇಳಿಕೊಳ್ಳುವ ಸಂಬಂಧದಲ್ಲಿ ಇದು ಸಣ್ಣ ಕೊರತೆಯಲ್ಲ. ಆದ್ದರಿಂದ ಜವಾಬ್ದಾರಿಯುಳ್ಳವರು ತಮ್ಮ ನಂಬಿಕೆಯನ್ನೂ, ತಾವು ಏನು ಮಾಡುತ್ತೇವೆ, ಏನು ಮಾಡುವುದಿಲ್ಲ ಎಂಬುದನ್ನೂ ಬರೆದಿಟ್ಟು ಕೇಳಿದವರಿಗೆ ತೋರಿಸುತ್ತಾರೆ. ತಮಗಿಂತ ಅನುಭವಿಗಳಾದ ಒಬ್ಬರ ಬಳಿ ನಿಯಮಿತವಾಗಿ ಹೋಗಿ ತಮ್ಮ ಕೆಲಸದ ಲೆಕ್ಕ ಒಪ್ಪಿಸುತ್ತಾರೆ. ಆತ್ಮಹತ್ಯೆಯ ಯೋಚನೆ, ಮನೆಯೊಳಗಿನ ಹಿಂಸೆ, ತೀವ್ರ ಖಿನ್ನತೆಯ ಸುಳಿವು ಸಿಕ್ಕೊಡನೆ ವೈದ್ಯರ ನೆರವು ಒದಗಿಸುತ್ತಾರೆ. ಮಕ್ಕಳ ಮೇಲಿನ ದೌರ್ಜನ್ಯ ಗೊತ್ತಾದಾಗ ಧರ್ಮಗುರುಗಳೂ ಸರ್ಕಾರಕ್ಕೆ ವರದಿ ಮಾಡಲೇಬೇಕೆಂಬ ಕಾನೂನು ಅಮೆರಿಕದ ಹಲವು ರಾಜ್ಯಗಳಲ್ಲಿದೆ. ಪಾಪನಿವೇದನೆಯಲ್ಲಿ ಕೇಳಿದ ಮಾತಿಗೆ ಕೆಲವು ಕಡೆ ವಿನಾಯಿತಿ ಇದೆ, ಕೆಲವು ಕಡೆ ಇಲ್ಲ. ದೀಕ್ಷೆಯ ಪತ್ರ ಪಡೆದ ದಿನವೇ ತಮ್ಮ ರಾಜ್ಯದ ಈ ಕಾನೂನನ್ನು ಓದಿಕೊಳ್ಳುವುದು ಅವರ ಮೊದಲ ಕರ್ತವ್ಯ.

ಈ ಅಧಿಕಾರ ಭಾರತದಲ್ಲಿ ನಡೆಯುತ್ತದೆಯೇ ಎಂದು ಕೇಳುವವರಿದ್ದಾರೆ. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯ 5ನೆಯ ಕಲಮು ಕ್ರೈಸ್ತ ಮದುವೆ ಮಾಡಿಸಬಲ್ಲವರು ಯಾರೆಂದು ಹೆಸರಿಸುತ್ತದೆ: ಬಿಷಪ್ಪರಿಂದ ದೀಕ್ಷೆ ಪಡೆದು ತಮ್ಮ ಸಭೆಯ ನಿಯಮದಂತೆ ನಡೆಸುವವರು, ಸ್ಕಾಟ್ಲೆಂಡ್ ಚರ್ಚಿನ ಪಾದ್ರಿಗಳು, ಸರ್ಕಾರದಿಂದ ಪರವಾನಗಿ ಪಡೆದ ಧರ್ಮಬೋಧಕರು, ವಿವಾಹ ನೋಂದಣಾಧಿಕಾರಿಗಳು ಮತ್ತು ಭಾರತೀಯ ಕ್ರೈಸ್ತರ ಮದುವೆಗೆ ಪ್ರಮಾಣಪತ್ರ ಕೊಡಲು ಪರವಾನಗಿ ಪಡೆದವರು. ಕ್ಯಾಲಿಫೋರ್ನಿಯಾದಿಂದ ಬಂದ ಅಂತರ್ಜಾಲದ ಪತ್ರವೊಂದನ್ನೇ ಹಿಡಿದವರು ಈ ಸಾಲಿನಲ್ಲಿ ಎಲ್ಲಿಯೂ ನಿಲ್ಲುವುದಿಲ್ಲ. ಬೇರೆ ಬೇರೆ ಧರ್ಮದವರು ತಮ್ಮ ಧರ್ಮ ಬಿಡದೆ ಮದುವೆಯಾಗಬೇಕಾದರೆ 1954ರ ವಿಶೇಷ ವಿವಾಹ ಕಾಯ್ದೆಯಡಿ ವಿವಾಹಾಧಿಕಾರಿಗೆ ನೋಟಿಸು ಕೊಟ್ಟು, 30 ದಿನ ಕಾದು, ಮೂವರು ಸಾಕ್ಷಿಗಳ ಮುಂದೆ ಸಹಿ ಹಾಕಬೇಕು. ಮೈಸೂರಿನಲ್ಲಿಯೋ ಮಂಗಳೂರಿನಲ್ಲಿಯೋ ಅಮೆರಿಕದ ಗೆಳೆಯರು ಬಂದು ಎಷ್ಟೇ ಅರ್ಥಪೂರ್ಣವಾಗಿ ಸಮಾರಂಭ ನಡೆಸಿಕೊಟ್ಟರೂ ದಂಪತಿಗಳು ಕಾನೂನಿನ ಮದುವೆಯನ್ನು ಬೇರೆಯಾಗಿ ಮಾಡಿಕೊಳ್ಳಬೇಕಾಗುತ್ತದೆ. ಅಲ್ಲಿ ಮದುವೆಯಾಗಿ ಇಲ್ಲಿ ದಾಖಲೆ ತೋರಿಸಬೇಕಾದವರು ಕೌಂಟಿ ಕಚೇರಿಯ ದೃಢೀಕೃತ ಪ್ರತಿಯನ್ನು ಪಡೆದು, ಆ ರಾಜ್ಯದ ಕಾರ್ಯದರ್ಶಿಯ ಕಚೇರಿಯಲ್ಲಿ ಅದಕ್ಕೆ ಅಪೋಸ್ಟಿಲ್ ಮುದ್ರೆ (ದಾಖಲೆ ಹೊರದೇಶದಲ್ಲಿ ಸಲ್ಲಲೆಂದು ಹಾಕುವ ದೃಢೀಕರಣ) ಹಾಕಿಸಿಕೊಂಡು ತರಬೇಕು. ಮದುವೆ ಮಾಡಿಸಿದವರ ದೀಕ್ಷಾಪತ್ರದ ಒಂದು ಪ್ರತಿಯನ್ನೂ ಜೊತೆಗೆ ಇಟ್ಟುಕೊಳ್ಳುವುದು ಒಳ್ಳೆಯದು.